ಸೂಜಿಮೊನೆಯ ಹುಳು

ನಮ್ಮ ಭಾಷೆಯಲ್ಲಿ ಬೈಗುಳಗಳಿಗೆ ಬರವಿಲ್ಲ. ಕತ್ತೆ, ಕೋಣ, ಕೋತಿ ಎಂಬುವು ಅವುಗಳಲ್ಲಿ ತೀರ ಸಾಧುವಾದವು. ತಾಯಂದಿರು ಮುದ್ದಿಗೂ ಹಾಗೆ ಕರೆಯುತ್ತಾರೆ. ಆದರೆ ‘ಕಜ್ಜಿನಾಯಿ’ ಎಂದು ಯಾರೂ ಯಾರನ್ನೂ ಮುದ್ದಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ಆ ಒಂದು ಮಾತಿನಲ್ಲಿ ಅಸಹ್ಯವಿದೆ, ಹೆದರಿಕೆಯಿದೆ, ಹತ್ತಿರ ಬರಬೇಡ ಎನ್ನುವ ಗದರಿಕೆಯಿದೆ. ರೋಮವೆಲ್ಲ ಉದುರಿ, ಚರ್ಮ ದಪ್ಪಗಟ್ಟಿ, ಕಿವಿಯ ಅಂಚು ಹಕ್ಕಳೆಗಟ್ಟಿ, ನಿಂತಲ್ಲಿ ನಿಲ್ಲಲಾರದೆ ಕೆರೆದುಕೊಳ್ಳುವ ನಾಯಿ ಎದುರಾದರೆ ನಾವು ಸೆರಗು ಒಟ್ಟುಮಾಡಿಕೊಂಡು ಪಕ್ಕಕ್ಕೆ ಸರಿಯುತ್ತೇವೆ. ಅದಕ್ಕೇನಾಗಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ರಕ್ತ ಕೆಟ್ಟಿದೆ.’

ಶಾಲೆಯಲ್ಲಿ ಇದೇ ಮಾತು ಮಕ್ಕಳ ಮೇಲೂ ಬೀಳುವುದನ್ನು ನಾನು ಕಂಡಿದ್ದೇನೆ. ಬೆರಳ ಸಂದಿಯಲ್ಲಿ ತುರಿಕಜ್ಜಿಯಾದ ಹುಡುಗಿ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಾಳೆ. ಪಕ್ಕದವಳು ಪುಸ್ತಕ ಹಂಚಿಕೊಳ್ಳುವುದಿಲ್ಲ. ನೀರಿನ ಲೋಟವನ್ನು ಯಾರೂ ಮುಟ್ಟುವುದಿಲ್ಲ. ಆ ಮಗು ಮಾಡಿದ ಅಪರಾಧವಾದರೂ ಏನು? ಕಣ್ಣಿಗೆ ಕಾಣಿಸದಷ್ಟು ಚಿಕ್ಕದೊಂದು ನುಸಿ ಅವಳ ಚರ್ಮದಲ್ಲಿ ಮನೆ ಮಾಡಿದೆ, ಅಷ್ಟೆ. ಈ ನುಸಿಯ ಇತಿಹಾಸವನ್ನು ಹುಡುಕಿಕೊಂಡು ಹೋದಾಗ ನನಗೆ ಸಿಕ್ಕಿದ್ದು ವೈದ್ಯರಿಗಿಂತ ಮೊದಲು ಕೆಲವು ಬಡ ಹೆಂಗಸರು. ಅವರ ಕಥೆಯನ್ನು ನಿಮಗೆ ಹೇಳಬೇಕೆನಿಸಿತು.

ಮೊದಲು ನುಸಿಯ ಪರಿಚಯ ಮಾಡಿಕೊಡುತ್ತೇನೆ. ನಾಯಿಯ ಮೈಮೇಲೆ ಹುಣಿಸೆಬೀಜದಂತೆ ಉಬ್ಬಿ ಕೂರುವ ಉಣ್ಣೆಯನ್ನು ನೀವೆಲ್ಲ ನೋಡಿದ್ದೀರಿ; ಚಿಗಟವನ್ನೂ ಹೇನನ್ನೂ ಬಲ್ಲಿರಿ. ನುಸಿ ಇವೆಲ್ಲಕ್ಕಿಂತ ಚಿಕ್ಕದು. ತೆಂಗಿನ ಕಾಯಿಯನ್ನು ಹಾಳುಮಾಡುವ ನುಸಿಯ ದೂರದ ನೆಂಟ ಎನ್ನಬಹುದು. ಕಜ್ಜಿಯ ಹೆಣ್ಣುನುಸಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ಉದ್ದ. ಅದು ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆಯುತ್ತಾ, ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತಾ ಸಾಗುತ್ತದೆ. ಮೂರು ನಾಲ್ಕು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಸುಮಾರು ಎರಡು ವಾರದಲ್ಲಿ ಮರಿ ಬಲಿತು ತಾನೂ ಬಿಲ ಕೊರೆಯಲು ಹೊರಡುತ್ತದೆ. ಅಸಾಧ್ಯವಾದ ಆ ತುರಿಕೆ ಬಹುಮಟ್ಟಿಗೆ ನುಸಿಗೂ ಅದರ ಮಲಕ್ಕೂ ಮೊಟ್ಟೆಗೂ ನಮ್ಮ ಚರ್ಮ ತೋರುವ ಪ್ರತಿಭಟನೆ. ಮನುಷ್ಯರಿಗೆ ಸಾಮಾನ್ಯ ತುರಿಕಜ್ಜಿ ಆದಾಗ ಇಡೀ ಮೈಯಲ್ಲಿ ಇರುವ ನುಸಿಗಳು ಹತ್ತು ಹದಿನೈದು ಮಾತ್ರ. ಇಷ್ಟು ಕಡಿಮೆ ಇದ್ದುದರಿಂದಲೇ ಅದನ್ನು ಕಣ್ಣಾರೆ ಕಾಣುವುದು ಪಂಡಿತರಿಗೆ ಅಷ್ಟು ಕಷ್ಟವಾಯಿತು.

ನಾನು ಇತಿಹಾಸ ಓದಿದವಳು. ಮಕ್ಕಳಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸುತ್ತಲೇ ವಯಸ್ಸಾದವಳು. 1687 ಎಂದರೆ ಔರಂಗಜೇಬನು ಗೋಲ್ಕೊಂಡವನ್ನು ಗೆದ್ದ ವರ್ಷ, ಮೊಗಲರ ಸೇನೆ ಬೆಂಗಳೂರನ್ನು ಹಿಡಿದ ವರ್ಷ ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಅದೇ ವರ್ಷ ಇಟಲಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಅದು ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಲಿವೋರ್ನೊ ಎಂಬ ಬಂದರುಪಟ್ಟಣದಲ್ಲಿ ಜೊವಾನ್ನಿ ಕೊಸಿಮೊ ಬೊನೊಮೊ ಎಂಬ ವೈದ್ಯನೂ ದಿಯಾಚಿಂತೊ ಚೆಸ್ತೋನಿ ಎಂಬ ಔಷಧಿ ಅಂಗಡಿಯವನೂ ಸೇರಿಕೊಂಡು ಕಜ್ಜಿಯನ್ನು ಪರೀಕ್ಷಿಸುತ್ತಿದ್ದರು. ಅವರಿಗೆ ದಾರಿ ತೋರಿಸಿದವರು ಆ ಊರಿನ ಬಡ ತಾಯಂದಿರು. ಕಜ್ಜಿ ಹತ್ತಿದ ತಮ್ಮ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪಿನ್ನಿನ ತುದಿಯಿಂದ ಚರ್ಮದೊಳಗಿನದೇನನ್ನೋ ಹೊರತೆಗೆದು, ಹೇನು ಕುಕ್ಕಿದ ಹಾಗೆ ಉಗುರಿನ ಮೇಲಿಟ್ಟು ಚಿಟ್ಟೆನ್ನಿಸುತ್ತಿದ್ದರು. ಬಂದರಿನ ಸೆರೆಯಲ್ಲಿದ್ದ ಗುಲಾಮರೂ ಒಬ್ಬರಿಗೊಬ್ಬರು ಹೀಗೆಯೇ ಮಾಡಿಕೊಳ್ಳುತ್ತಿದ್ದರು.

ಬೊನೊಮೊ ಆ ‘ಏನನ್ನೋ’ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಆಮೆಯ ಆಕಾರದ ಪುಟ್ಟ ಜೀವಿಯೊಂದು ಕಾಲಾಡಿಸುತ್ತಿತ್ತು. ಒಮ್ಮೆ ಅದು ಮೊಟ್ಟೆಯಿಡುವುದನ್ನೂ ಕಂಡ. ಫ್ಲಾರೆನ್ಸಿನ ಹೆಸರಾಂತ ಪಂಡಿತ ಫ್ರಾಂಚೆಸ್ಕೊ ರೆಡಿಗೆ ಈ ಎಲ್ಲವನ್ನೂ ಪತ್ರದ ರೂಪದಲ್ಲಿ ಬರೆದು ಅಚ್ಚುಹಾಕಿಸಿದ. ಕಜ್ಜಿಗೆ ಕಾರಣ ಈ ಹುಳು, ರಕ್ತ ಕೆಟ್ಟದ್ದಲ್ಲ. ಹೊಟ್ಟೆಗೆ ಕೊಡುವ ಕಷಾಯಗಳು ಇದಕ್ಕೆ ನಾಟುವುದಿಲ್ಲ, ಮೈಗೆ ಹಚ್ಚುವ ಮುಲಾಮೇ ಬೇಕು ಎಂಬುದು ಅವನ ವಾದ. ಒಂದು ಕಾಯಿಲೆಗೂ ಅದನ್ನು ತರುವ ಕಣ್ಣಿಗೆ ಕಾಣದ ಜೀವಿಗೂ ಇರುವ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮೊದಮೊದಲ ಬರಹಗಳಲ್ಲಿ ಇದೊಂದು. 1703ರಲ್ಲಿ ಲಂಡನ್ನಿನ ವಿದ್ವತ್ ಪತ್ರಿಕೆಯಲ್ಲಿ ಇದರ ಇಂಗ್ಲಿಷ್ ಸಾರಾಂಶವೂ ಬಂತು. ಆದರೆ ದೇಹದಲ್ಲಿನ ರಸಗಳು ಕೆಟ್ಟು ಕಜ್ಜಿಯಾಗುತ್ತದೆ ಎಂದು ಸಾವಿರಾರು ವರ್ಷಗಳಿಂದ ನಂಬಿಕೊಂಡು ಬಂದ ವೈದ್ಯಲೋಕ ಒಪ್ಪಲಿಲ್ಲ. ಪೋಪರ ವೈದ್ಯ ಲಾನ್ಸಿಸಿಯೇ ಎದುರು ನಿಂತ ಮೇಲೆ ಬೊನೊಮೊ ವಾದ ಮುಂದುವರಿಸಲಿಲ್ಲ.

ಮುಂದಿನ ನೂರೈವತ್ತು ವರ್ಷ ಏನಾಯಿತು ಎಂದು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. 1812ರಲ್ಲಿ ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಗಾಲೆಸ್ ಎಂಬಾತ ಕಜ್ಜಿಯ ನುಸಿಯನ್ನು ಕಂಡೆನೆಂದು ಪ್ರಬಂಧ ಬರೆದು ಹೆಸರು ಮಾಡಿದ. ಬೇರೆಯವರು ಎಷ್ಟು ಹುಡುಕಿದರೂ ಆ ನುಸಿ ಸಿಗಲಿಲ್ಲ. ಆತ ಕೊಟ್ಟ ಚಿತ್ರ ಹಳೆಯ ಚೀಸಿನಲ್ಲಿ ಹುಟ್ಟುವ ನುಸಿಯದು ಎಂದು 1829ರಲ್ಲಿ ರಸ್ಪೈ ಎಂಬ ವಿಜ್ಞಾನಿ ತೋರಿಸಿದ ಮೇಲಂತೂ ಕಜ್ಜಿಗೆ ಹುಳುವೇ ಇಲ್ಲ ಎನ್ನುವವರ ಕೈ ಮೇಲಾಯಿತು. ಹುಳು ತೋರಿಸಿದವರಿಗೆ ಬಹುಮಾನ ಎಂದು ಪಂಥ ಕಟ್ಟುವ ಮಟ್ಟಕ್ಕೂ ಹೋಯಿತು.

ಆಮೇಲೆ ಬಂದದ್ದು 1834. ನಮಗೆ ಅದು ಇಂಗ್ಲಿಷರು ಕೊಡಗಿನ ಚಿಕ್ಕವೀರ ರಾಜೇಂದ್ರನನ್ನು ಇಳಿಸಿ ರಾಜ್ಯವನ್ನು ನುಂಗಿದ ವರ್ಷ. ಆ ಆಗಸ್ಟ್ ತಿಂಗಳಲ್ಲಿ ಅದೇ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಓದುತ್ತಿದ್ದ ರೆನುಚ್ಚಿ ಎಂಬ ಕಾರ್ಸಿಕಾ ದ್ವೀಪದ ಹುಡುಗ, ದೊಡ್ಡ ದೊಡ್ಡ ವೈದ್ಯರ ಎದುರಿಗೇ ರೋಗಿಯ ಕೈಯಿಂದ ಸೂಜಿಯ ಮೊನೆಯ ಮೇಲೆ ಜೀವಂತ ನುಸಿಯನ್ನು ಎತ್ತಿ ತೋರಿಸಿದ. ಎಲ್ಲಿ ಕಲಿತೆಯಪ್ಪಾ ಎಂದರೆ, ನಮ್ಮೂರಿನ ಹೆಂಗಸರು ಹೀಗೇ ತೆಗೆಯುತ್ತಾರೆ ಎನ್ನುವುದೇ ಉತ್ತರ! ವೈದ್ಯರು ನುಸಿಯನ್ನು ನೀರುಗುಳ್ಳೆಯೊಳಗೆ ಹುಡುಕುತ್ತಿದ್ದರು; ಅದು ಗುಳ್ಳೆಯಲ್ಲಿ ಇರುವುದೇ ಇಲ್ಲ. ಗುಳ್ಳೆಯಿಂದ ಮುಂದಕ್ಕೆ ಹೋಗುವ ಸಣ್ಣ ಗೆರೆಯಂಥ ಬಿಲದ ಕೊನೆಯಲ್ಲಿ ಅಡಗಿರುತ್ತದೆ. ಆ ಗೆರೆಯನ್ನು ಹಿಡಿದು ಹೋಗಬೇಕೆಂಬುದು ಕಾರ್ಸಿಕಾದ ಹೆಂಗಸರಿಗೆ ತಮ್ಮ ತಾಯಂದಿರಿಂದ ಬಂದ ವಿದ್ಯೆ. ಲಿವೋರ್ನೊದ ತಾಯಂದಿರಿಗೂ ಅದು ಗೊತ್ತಿತ್ತು. ಅವರಲ್ಲಿ ಒಬ್ಬಳ ಹೆಸರನ್ನೂ ಯಾರೂ ಬರೆದಿಡಲಿಲ್ಲ.

ಕಾರಣ ಗೊತ್ತಾದ ಮೇಲೆ ಚಿಕಿತ್ಸೆಗೆ ಒಂದು ನೇರ ದಾರಿ ಸಿಕ್ಕಿತು. ಗಂಧಕದ ಮುಲಾಮು ಹಳೆಯದೇ. ಆದರೆ ಅದನ್ನು ಕಜ್ಜಿ ಕಂಡಲ್ಲಿ ಮಾತ್ರ ಸವರುತ್ತಿದ್ದರು. 1850ರ ಸುಮಾರಿಗೆ ಬಾಜ್ಯಾಂ ಎಂಬ ವೈದ್ಯ, ನುಸಿ ಎಲ್ಲಿ ಬೇಕಾದರೂ ಇರಬಹುದು, ಇಡೀ ಮೈಗೆ ತಿಕ್ಕಿ ಎಂದ. ವಾರಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದ ರೋಗಿಗಳು ಬೇಗ ಮನೆಗೆ ಹೋಗತೊಡಗಿದರು. 1862ರಲ್ಲಿ ದೆಲಾಫೋಂ ಎಂಬ ಪಶುವೈದ್ಯನೂ ಬೂರ್ಗಿನ್ಯೋಂ ಎಂಬ ವೈದ್ಯನೂ ಜೊತೆಗೂಡಿ ಮನುಷ್ಯರ ಮತ್ತು ಸಾಕುಪ್ರಾಣಿಗಳ ಕಜ್ಜಿಯ ಬಗ್ಗೆ ದೊಡ್ಡದೊಂದು ಗ್ರಂಥ ಬರೆದರು. ಮಗುವಿನ ತುರಿಕಜ್ಜಿಯೂ ನಾಯಿಯ ಕಜ್ಜಿಯೂ ಒಂದೇ ಕುಲದ ನುಸಿಗಳ ಕೆಲಸ ಎಂಬ ತಿಳಿವಳಿಕೆ ಹೀಗೆ ಗಟ್ಟಿಯಾಯಿತು.

ಪ್ರಾಣಿಗಳ ಕಜ್ಜಿಗೆ ಮದ್ದು ಮಾಡುವುದು ಮಾತ್ರ ಈ ಪಂಡಿತರಿಗಿಂತ ಎಷ್ಟೋ ಹಳೆಯದು. ಎರಡು ಸಾವಿರ ವರ್ಷಕ್ಕೂ ಹಿಂದೆ ರೋಮಿನ ಕೇಟೊ ತನ್ನ ಬೇಸಾಯದ ಪುಸ್ತಕದಲ್ಲಿ, ಆಲಿವ್ ಎಣ್ಣೆ ತೆಗೆದ ಮೇಲೆ ಉಳಿಯುವ ಗಸಿ, ಕಹಿಯಾದ ಒಂದು ಜಾತಿಯ ಕಾಳನ್ನು ಬೇಯಿಸಿದ ನೀರು, ದ್ರಾಕ್ಷಾರಸದ ಮಡ್ಡಿ ಇವನ್ನು ಬೆರೆಸಿ ಉಣ್ಣೆ ಕತ್ತರಿಸಿದ ಕುರಿಗೆ ಸವರಿ ಎಂದು ಬರೆದಿಟ್ಟಿದ್ದಾನೆ. ನಮ್ಮ ಕಡೆ ಹೊಂಗೆ ಎಣ್ಣೆಯಿದೆ. ಗ್ರಂಧಿಗೆ ಅಂಗಡಿಯಿಂದ ಗಂಧಕ ತಂದು, ನುಣ್ಣಗೆ ಅರೆದು, ಹೊಂಗೆ ಎಣ್ಣೆಯಲ್ಲಿ ಕಲಸಿ ನಾಯಿಗೂ ದನಕ್ಕೂ ಹಚ್ಚುವುದು ಎಷ್ಟೋ ಮನೆಗಳಲ್ಲಿ ರೂಢಿ.

ನಮ್ಮ ಶಾಲೆಯ ಗೇಟಿನ ಹತ್ತಿರ ಒಂದು ಕಂದು ಹೆಣ್ಣುನಾಯಿ ಇತ್ತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದರ ಬಣ್ಣ ಯಾವುದೆಂದು ಹೇಳಲಾಗದಷ್ಟು ಕಜ್ಜಿಯಾಯಿತು. ಬಿಸಿಯೂಟಕ್ಕೆ ಕೂರುವ ಮಕ್ಕಳ ಹತ್ತಿರ ಸುಳಿಯುತ್ತದೆ, ದೂರ ಸಾಗಿಸಬೇಕು ಎಂಬ ಮಾತು ಬಂತು. ಮೆಕ್ಯಾನಿಕ್ ಅಂಗಡಿಯಿಂದ ಕರಿ ಆಯಿಲ್ ತಂದು ಸುರಿದರೆ ಸರಿಹೋಗುತ್ತದೆ ಎಂದವರೂ ಉಂಟು. ಅಡುಗೆಯ ಅಕ್ಕ ಮಾತ್ರ ಸೌಟು ಹಿಡಿದೇ ಹೊರಗೆ ಬಂದಳು.

‘ಅದ್ರ ಚರ್ಮದೊಳ್ಗೆ ಹುಳ ಸೇರ್ಕೊಂಡವೆ ಮೇಡಂ. ಆಯಿಲ್ ಹಾಕುದ್ರೆ ನೆಕ್ಕೊಂಡು ಸತ್ತೋಗುತ್ತೆ. ಅದೂ ಮೂರು ಮರಿ ಹೆತ್ತಿರೋ ತಾಯಿ’ ಎಂದಳು.

ಅವಳು ಬೊನೊಮೊನ ಹೆಸರು ಕೇಳಿದವಳಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಪೋಪರ ವೈದ್ಯ ಒಪ್ಪದ ಸಂಗತಿ ಅವಳಿಗೆ ತಿಳಿದಿತ್ತು. ಕರಿ ಆಯಿಲಿನ ವಿಷಯದಲ್ಲೂ ಅವಳದೇ ಸರಿ: ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೆ ಸೇರಿ ವಿಷವಾಗುತ್ತದೆ. ಸೀಮೆಎಣ್ಣೆಯೂ ಅಷ್ಟೆ. ಅವಳು ಕೆಲವು ದಿನ ಹೊಂಗೆ ಎಣ್ಣೆ, ಗಂಧಕ ಹಚ್ಚಿದಳು. ಹಕ್ಕಳೆ ಮೆತ್ತಗಾಗಿ ನಾಯಿಗೆ ಸ್ವಲ್ಪ ನೆಮ್ಮದಿಯಾಯಿತು. ಆಮೇಲೆ ನಾವಿಬ್ಬರೂ ಅನ್ನ ತೋರಿಸಿ ಅದನ್ನು ಆಟೋದಲ್ಲಿ ಕೂರಿಸಿಕೊಂಡು ತಾಲೂಕಿನ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆದು, ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನಮಗೂ ತೋರಿಸಿದರು. ದುಂಡಗಿನ ದೇಹ, ಮೋಟು ಕಾಲು. ಅಕ್ಕ ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು. ‘ಇಷ್ಟೇನಾ ಇದು?’ ಎಂದಳು.

ಡಾಕ್ಟರು ಅಂದು ಕೊಟ್ಟದ್ದು ಐವರ್‌ಮೆಕ್ಟಿನ್ ಚುಚ್ಚುಮದ್ದು. ಈ ಮದ್ದಿನ ಕಥೆಯೂ ಸ್ವಾರಸ್ಯವಾಗಿದೆ. 1970ರ ದಶಕದಲ್ಲಿ ಜಪಾನಿನ ಸತೋಶಿ ಓಮುರ ಎಂಬ ವಿಜ್ಞಾನಿ ಇತೋ ಪಟ್ಟಣದ ಕವಾನ ಎಂಬಲ್ಲಿ ಗಾಲ್ಫ್ ಮೈದಾನದ ಬಳಿಯ ಮಣ್ಣನ್ನು ತಂದ. ಆ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯನ್ನು ಬೆಳೆಸಿ ಅಮೆರಿಕಕ್ಕೆ ಕಳಿಸಿದ. ಅಲ್ಲಿ ವಿಲಿಯಂ ಕ್ಯಾಂಬೆಲ್ ಎಂಬ ಪರೋಪಜೀವಿ ತಜ್ಞ ಮತ್ತು ಅವನ ಸಂಗಡಿಗರು ಅದರಿಂದ ಬರುವ ವಸ್ತು ಹುಳುಗಳನ್ನು ಕೊಲ್ಲುತ್ತದೆ ಎಂದು ಕಂಡುಕೊಂಡರು. ಅದರಿಂದ ತಯಾರಾದ ಐವರ್‌ಮೆಕ್ಟಿನ್ 1981ರಲ್ಲಿ ಪ್ರಾಣಿಗಳ ಔಷಧಿಯಾಗಿ ಮಾರುಕಟ್ಟೆಗೆ ಬಂತು. ಮನುಷ್ಯರಿಗೆ ಬಂದದ್ದು ಆಮೇಲೆ. ಓಮುರ, ಕ್ಯಾಂಬೆಲ್ ಇಬ್ಬರಿಗೂ 2015ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ಹಿಡಿ ಮಣ್ಣಿನಿಂದ ಎಷ್ಟು ಜೀವಗಳಿಗೆ ನಿದ್ದೆ ಬಂತೋ ಲೆಕ್ಕವಿಲ್ಲ.

ನಮ್ಮ ನಾಯಿಯನ್ನು ಎರಡು ವಾರ ಬಿಟ್ಟು ಮತ್ತೆ ಕರೆದುಕೊಂಡು ಬನ್ನಿ ಎಂದರು ಡಾಕ್ಟರು. ಮದ್ದು ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆಯೊಡೆದು ಬಂದವು ಬಲಿತು ಮತ್ತೆ ಮೊಟ್ಟೆಯಿಡುವ ಮೊದಲೇ ಎರಡನೆಯ ಸಲ ಕೊಡಬೇಕು. ಬಹಳ ಮನೆಗಳಲ್ಲಿ ಕಜ್ಜಿ ಮರಳಿ ಬರುವುದು ಇಲ್ಲಿಯೇ. ತುರಿಕೆ ನಿಂತಿತಲ್ಲ ಎಂದು ಎರಡನೆಯ ಸಲ ಹೋಗುವುದೇ ಇಲ್ಲ. ನಾವು ಹೋದೆವು. ಮಳೆ ಹಿಡಿಯುವ ಹೊತ್ತಿಗೆ ಅದಕ್ಕೆ ಕಂದು ರೋಮ ಬಂದಿತ್ತು.

ಮನೆಯಲ್ಲಿ ಪ್ರಾಣಿ ಸಾಕಿದವರಿಗೆ ಕೆಲವು ಮಾತು ಹೇಳಲೇಬೇಕು. ಎಲ್ಲ ಕಜ್ಜಿಯೂ ಒಂದೇ ಅಲ್ಲ. ನಾಯಿಮರಿಯ ಕಣ್ಣ ಸುತ್ತ, ಬಾಯಿಯ ಬದಿಯಲ್ಲಿ ರೋಮ ಉದುರಿ, ತುರಿಕೆ ಅಷ್ಟಾಗಿ ಇಲ್ಲದಿದ್ದರೆ ಅದು ರೋಮದ ಬುಡದಲ್ಲಿ ಬದುಕುವ ಬೇರೊಂದು ನುಸಿಯಿರಬಹುದು. ಅದು ಹುಟ್ಟಿದ ಹೊಸತರಲ್ಲಿ ತಾಯಿಯಿಂದ ಬಂದದ್ದು, ನಮಗೆ ಅಂಟುವುದಿಲ್ಲ. ಬೆಕ್ಕು ತಲೆ ಕೊಡವುತ್ತಾ, ಕಿವಿಯೊಳಗೆ ಕಾಫಿಪುಡಿಯಂಥ ಕೊಳೆ ತುಂಬಿಕೊಂಡಿದ್ದರೆ ಅದು ಕಿವಿಯ ನುಸಿ. ಮೊಲದ ಕಿವಿಯಲ್ಲೂ ಪದರಪದರವಾಗಿ ಹಕ್ಕಳೆ ಕಟ್ಟುತ್ತದೆ. ಅದನ್ನು ಕಿತ್ತು ತೆಗೆಯಲು ಹೋಗಬೇಡಿ; ಮೊಲಕ್ಕೆ ವಿಪರೀತ ನೋವಾಗುತ್ತದೆ. ಮದ್ದು ಕೊಟ್ಟರೆ ತಾನಾಗಿ ಉದುರುತ್ತದೆ.

ನಾಯಿಗೆ ಆಗಿಬಂದ ಮದ್ದು ಬೆಕ್ಕಿಗೆ ವಿಷವಾಗಬಹುದು. ಪರ್ಮೆಥ್ರಿನ್ ಇರುವ ನಾಯಿಯ ಔಷಧಿ ಬೆಕ್ಕಿಗೆ ತಗುಲಿದರೆ ನಡುಕ ಬಂದು ಸಾಯುವುದೂ ಉಂಟು. ಫಿಪ್ರೊನಿಲ್ ಇರುವುದನ್ನು ಮೊಲಕ್ಕೆ ಹಾಕಬಾರದು. ಕೋಲಿ ಜಾತಿಯ ನಾಯಿಗಳಲ್ಲಿ ಅನೇಕಕ್ಕೆ ಐವರ್‌ಮೆಕ್ಟಿನ್ ಮಿದುಳಿಗೆ ಏರುತ್ತದೆ. ಅದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು 2001ರಲ್ಲಿ ಗುರುತಿಸಿದರು. ದನಕ್ಕೆಂದು ತಂದ ಗಾಢವಾದ ಮದ್ದನ್ನು ಅಂದಾಜಿನ ಮೇಲೆ ಪುಟ್ಟ ಪ್ರಾಣಿಗೆ ಹಾಕುವುದಂತೂ ಬೇಡವೇ ಬೇಡ. ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ. 2013ರಿಂದೀಚೆಗೆ ನಾಯಿಗಳಿಗೆ ಬಾಯಿಯ ಮೂಲಕ ಕೊಡುವ ಹೊಸ ಮಾತ್ರೆಗಳೂ ಬಂದಿವೆ. ಯಾವುದು ಯಾರಿಗೆ ಎಂಬುದನ್ನು ಡಾಕ್ಟರೇ ಹೇಳಲಿ. ನಾವು ಮಾಡಬೇಕಾದದ್ದು, ಮನೆಯ ಎಲ್ಲ ನಾಯಿಗಳಿಗೂ ಒಂದೇ ಸಲ ಚಿಕಿತ್ಸೆ ಕೊಡಿಸುವುದು, ಮಲಗುವ ಗೋಣಿ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕುವುದು. ನಾಯಿಯ ನುಸಿ ನಮ್ಮ ಮೈಗೆ ಬಂದು ಕೆಲವು ದಿನ ತುರಿಸಬಹುದು. ಆದರೆ ನಮ್ಮ ಚರ್ಮದಲ್ಲಿ ಅದಕ್ಕೆ ಸಂಸಾರ ಸಾಗಿಸಲು ಆಗುವುದಿಲ್ಲ.

ಇದೇ ತಿಳಿವಳಿಕೆಯನ್ನು ಮನುಷ್ಯ ಕೇಡಿಗೂ ಬಳಸಿದ್ದಾನೆ. 1905ರಲ್ಲಿ, ನಮ್ಮ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದ ವರ್ಷ, ಅಮೆರಿಕದ ಮೊಂಟಾನಾ ರಾಜ್ಯ ಒಂದು ಕಾನೂನು ಮಾಡಿತು. ದನ ಕುರಿಗಳನ್ನು ತಿನ್ನುವ ತೋಳಗಳನ್ನೂ ಕಯೋಟಿಗಳೆಂಬ ನರಿಯಂಥ ಪ್ರಾಣಿಗಳನ್ನೂ ಹಿಡಿದು, ರಾಜ್ಯದ ಪಶುವೈದ್ಯನೇ ಅವುಗಳಿಗೆ ಕಜ್ಜಿ ಹತ್ತಿಸಿ, ಮತ್ತೆ ಕಾಡಿಗೆ ಬಿಡಬೇಕು ಎಂದು! ರೋಗ ವಾಸಿ ಮಾಡಬೇಕಾದವನ ಕೈಯಲ್ಲೇ ರೋಗ ಅಂಟಿಸುವ ಕೆಲಸ. ರೋಮ ಕಳೆದುಕೊಂಡ ತೋಳ ಹಿಮದ ರಾತ್ರಿಗಳಲ್ಲಿ ಹೇಗೆ ಸಾಯುತ್ತದೆ ಎಂಬುದನ್ನು ಊಹಿಸಬಹುದು. ಅಲ್ಲಿನ ಯೆಲ್ಲೊಸ್ಟೋನ್ ಕಾಡಿನಲ್ಲಿ ತೋಳಗಳು ನಿರ್ನಾಮವಾಗಿ, 1995ರಿಂದ ಹೊಸದಾಗಿ ತಂದು ಬಿಟ್ಟರು. 2007ರಲ್ಲಿ ಅವುಗಳಲ್ಲೂ ಕಜ್ಜಿ ಕಾಣಿಸಿಕೊಂಡಿತು.

ಕಾಡುಪ್ರಾಣಿಗೆ ಕಜ್ಜಿ ಎಂಬುದು ಸಣ್ಣ ತುರಿಕೆಯ ಮಾತಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1994ರಲ್ಲಿ ಕಜ್ಜಿ ಹರಡಿ, ಎರಡು ವರ್ಷದಲ್ಲಿ ಅಲ್ಲಿನ ನರಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಸತ್ತವು. ಆಸ್ಟ್ರೇಲಿಯಾದಲ್ಲಿ ವೋಂಬ್ಯಾಟ್ ಎಂಬ, ಬಿಲದಲ್ಲಿ ವಾಸಿಸುವ ದುಂಡನೆಯ ಸಾಧುಪ್ರಾಣಿಯಿದೆ. ಟಾಸ್ಮೇನಿಯಾದ ನರಾವ್‌ನ್ಟಪು ರಾಷ್ಟ್ರೀಯ ಉದ್ಯಾನದಲ್ಲಿ 2010ರಿಂದ 2017ರೊಳಗೆ ಕಜ್ಜಿಯಿಂದಾಗಿ ನೂರರಲ್ಲಿ ತೊಂಬತ್ತನಾಲ್ಕು ವೋಂಬ್ಯಾಟುಗಳು ಇಲ್ಲವಾದವು. ಬಿಲದಿಂದ ಬಿಲಕ್ಕೆ ಅವು ಮಲಗುವ ಜಾಗ ಬದಲಾಯಿಸುವುದರಿಂದ, ಒಂದು ಬಿಟ್ಟುಹೋದ ನುಸಿ ಇನ್ನೊಂದಕ್ಕೆ ಹತ್ತುತ್ತದೆ.

ಕಾಡಿನ ಪ್ರಾಣಿಯನ್ನು ಎರಡು ವಾರ ಬಿಟ್ಟು ಬಾ ಎಂದು ಹೇಳುವುದು ಹೇಗೆ? ಅಲ್ಲಿನ ಸ್ವಯಂಸೇವಕರು ಒಂದು ಉಪಾಯ ಮಾಡಿದ್ದಾರೆ. ಬಿಲದ ಬಾಯಿಗೆ ಪರದೆಯ ಹಾಗೆ ಪ್ಲಾಸ್ಟಿಕ್ ಹಲಗೆಯೊಂದನ್ನು ತೂಗುಹಾಕಿ, ಅದರ ಮೇಲೆ ಮುಚ್ಚಳದಷ್ಟು ಚಿಕ್ಕ ಬಟ್ಟಲಿನಲ್ಲಿ ಮಾಕ್ಸಿಡೆಕ್ಟಿನ್ ಎಂಬ ಮದ್ದನ್ನು ಅಳೆದು ಇಡುತ್ತಾರೆ. ವೋಂಬ್ಯಾಟು ಒಳಗೋ ಹೊರಗೋ ನುಸುಳುವಾಗ ಹಲಗೆ ವಾಲಿ ಮದ್ದು ಬೆನ್ನಿಗೆ ಸುರಿಯುತ್ತದೆ. ಹಿಡಿಯುವ, ಹೆದರಿಸುವ ಮಾತೇ ಇಲ್ಲ. ಆದರೆ ವಾರವಾರವೂ ಹೋಗಿ ಮುಚ್ಚಳ ತುಂಬಬೇಕು, ತಿಂಗಳುಗಟ್ಟಲೆ. ಹೆಚ್ಚು ಕಾಲ ನಿಲ್ಲುವ ಹೊಸ ಮದ್ದುಗಳನ್ನೂ ಈಚೆಗೆ ಪ್ರಯೋಗಿಸಿದ್ದಾರೆ. ನಮ್ಮಲ್ಲಾದರೆ, ಊರಂಚಿನಲ್ಲಿ ಕಜ್ಜಿ ಹತ್ತಿದ ನರಿಯೋ ಮುಂಗುಸಿಯೋ ಕಂಡರೆ ನಾವೇ ಹಿಡಿಯಲು ಹೋಗಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅರಣ್ಯ ಇಲಾಖೆಯ ಜವಾಬ್ದಾರಿ. ಅವರಿಗೆ ತಿಳಿಸುವುದು ನಮ್ಮ ಕೆಲಸ.

ಈಗ ನಾನು ಏಳನೆಯ ತರಗತಿಗೆ 1687ರ ಪಾಠ ಮಾಡುವಾಗ ಗೋಲ್ಕೊಂಡದ ಜೊತೆಗೆ ಲಿವೋರ್ನೊದ ತಾಯಂದಿರನ್ನೂ ಸೇರಿಸಿ ಹೇಳುತ್ತೇನೆ. ಪರೀಕ್ಷೆಗೆ ಬರುವುದಿಲ್ಲ ಎಂದು ಮಕ್ಕಳಿಗೆ ಗೊತ್ತು, ಆದರೂ ಕೇಳುತ್ತಾರೆ. ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ನುಸಿಯ ಚಿತ್ರ ಬಿಡಿಸಿ, ಇದು ರಕ್ತ ಕೆಟ್ಟು ಬರುವುದಲ್ಲ, ಪಾಪ ಮಾಡಿ ಬರುವುದಲ್ಲ, ಮುಲಾಮು ಹಚ್ಚಿದರೆ ಹೋಗುತ್ತದೆ, ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು ಎನ್ನುತ್ತೇನೆ. ಹಿಂದಿನ ಬೆಂಚಿನಲ್ಲಿ ಕೈ ಮುಚ್ಚಿಟ್ಟುಕೊಂಡು ಕೂತ ಮಗು ಯಾವುದಾದರೂ ಇದ್ದರೆ, ಸಂಜೆ ಗಂಟೆ ಹೊಡೆದ ಮೇಲೆ ಅದು ಮೆಲ್ಲಗೆ ನನ್ನ ಮೇಜಿನ ಬಳಿ ಬಂದು ಕೈ ತೋರಿಸುತ್ತದೆ.